ದೋಣಿಯವನ ಹದಿಮೂರು ನಿಮಿಷ

ಗ್ವೋಜ್ದೆನ್ ಮಾವನ ತಾಮ್ರದ ಹಂಡೆ ಎರಡು ಚಕ್ರದ ಗಾಡಿಯ ಮೇಲೆ ನಮ್ಮ ಅಂಗಳಕ್ಕೆ ಬಂದದ್ದು ಬುಧವಾರ. ಅಕ್ಟೋಬರ್ ತಿಂಗಳಿಡೀ ಅದು ಮನೆಯಿಂದ ಮನೆಗೆ ಸುತ್ತುತ್ತದೆ. ಒಂದೊಂದು ಮನೆಗೆ ಎರಡೆರಡು ದಿನ. ಆ ಎರಡು ದಿನದಲ್ಲಿ ಪೀಪಾಯಿಯಲ್ಲಿ ಹುಳಿಬಂದ ಪ್ಲಮ್ ಹಣ್ಣೆಲ್ಲ ಭಟ್ಟಿ ಇಳಿದು ರಾಕಿಯಾ ಆಗಬೇಕು. ಆಗದಿದ್ದರೆ ಹಂಡೆ ನಮಗಾಗಿ ಕಾಯುವುದಿಲ್ಲ, ಪಕ್ಕದ ಮನೆಗೆ ಹೊರಟುಬಿಡುತ್ತದೆ.

ಗುರುವಾರ ಬೆಳಿಗ್ಗೆ ಎರಡನೇ ಸಲದ ಭಟ್ಟಿಗೆ ಹಂಡೆ ತುಂಬಿದೆ. ಮುಚ್ಚಳದ ಸುತ್ತ ಮೆಕ್ಕೆಜೋಳದ ಹಿಟ್ಟು ಕಲಸಿ ಮೆತ್ತಿದೆ. ಒಲೆಗೆ ಓಕ್ ಮರದ ಎರಡು ತುಂಡು ಇಟ್ಟೆ, ಅಷ್ಟೇ. ಬೆಂಕಿ ದೊಡ್ಡದಾದರೆ ಮಡ್ಡಿ ಉಕ್ಕಿ ಕೊಳವೆಗೆ ನುಗ್ಗುತ್ತದೆ. ಭಟ್ಟಿ ಎಂದರೆ ಅರ್ಧ ಕೆಲಸ, ಅರ್ಧ ಸುಮ್ಮನೆ ಕೂರುವುದು. ನಮ್ಮ ಅಪ್ಪ ಒಬ್ರಾದ್ ಕೂರುವುದರಲ್ಲಿ ಊರಿಗೇ ಮೊದಲಿಗ. ಸೇತುವೆ ಬರುವ ತನಕ ಮೊರಾವಾ ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದವನು. ಊರವರ ರಾಕಿಯಾ ರುಚಿ ನೋಡಿ ಹೇಳುವವನೂ ಅವನೇ ಆಗಿದ್ದ. ಅವನು ತೀರಿಕೊಂಡ ಮೇಲೆ ರುಚಿ ನೋಡುವ ಸಣ್ಣ ಸೀಸೆಗಳು ನನ್ನ ಹತ್ತಿರ ಬರುತ್ತವೆ. ಹಂಡೆಯ ಮುಂದೆ ನಿಂತು ಒಂದು ಸಲ ಹೇಳಿದರೆ ಮುಗಿಯಿತು. ಆಡಿದ ಮಾತನ್ನು ತಿರುಗಿಸುವಂತಿಲ್ಲ.

ಸ್ಲಾವಿಶಾ ಒಂಬತ್ತು ಗಂಟೆಗೆ ಕಾರಿನಲ್ಲಿ ಬಂದ. ನನ್ನ ಓರಗೆಯವನು, ಒಂದೇ ಬೆಂಚಿನಲ್ಲಿ ಕೂತು ಓದಿದವನು. ಈಗ ಪಟ್ಟಣದಲ್ಲಿದ್ದಾನೆ, 'ಬೂದಿಹೊಳೆ' ಎಂಬ ಕಂಪ್ಯೂಟರ್ ಆಟಕ್ಕೆ ಮಾತು ಬರೆಯುತ್ತಾನೆ. ಆಡುವವನು ತಾನೇ ಒಬ್ಬ ಅಲೆಮಾರಿಯಾಗಿ, ಊರೂರು ಸುತ್ತಿ, ಜನರ ಜೊತೆ ಮಾತಾಡಿ ಬದುಕುವ ಆಟ ಅದು. ಇಪ್ಪತ್ತು ವರ್ಷದ ಹಿಂದೆ ಮೊದಲ ಭಾಗವನ್ನು ಇವನೂ ಸೇರಿ ನಾಲ್ಕು ಜನ ಇವನ ಸೋದರಮಾವನ ಗ್ಯಾರೇಜಿನಲ್ಲಿ ಕೂತು ಕಟ್ಟಿದ್ದರು. ಐದನೆಯವನಾಗಿ ತಪ್ಪು ಹುಡುಕುತ್ತಿದ್ದವನು ನಾನು. ಆಮೇಲೆ ಆ ಆಟದ ಅಭಿಮಾನಿಗಳಿಗಾಗಿ 'ದಂಡೆ' ಎಂಬ ಅಂತರ್ಜಾಲ ಪುಟ ಶುರುಮಾಡಿ ಹತ್ತೊಂಬತ್ತು ವರ್ಷದಿಂದ ನಡೆಸುತ್ತಿದ್ದೇನೆ. ನಾಲ್ಕನೇ ಭಾಗ ಬಂದು ಒಂಬತ್ತು ದಿನವಾಗಿತ್ತು. ದಂಡೆಯಲ್ಲಿ ಸಾವಿರಾರು ಜನ 'ನೆಗೊವಾನ್ ಏನಂತಾನೆ?' ಎಂದು ಕೇಳುತ್ತಿದ್ದರು. ನೆಗೊವಾನ್ ಎಂದರೆ ನಾನೇ, ಒಂದಕ್ಷರ ಬರೆದಿರಲಿಲ್ಲ.

"ಆಡಿ ಮುಗಿಸ್ದೇನೋ?" ಎಂದ, ಕೂರುವ ಮೊದಲೇ.

"ಮುಗಿಸ್ದೆ."

"ಮತ್ತೆ?"

"ಬೆಂಕಿ ನೋಡ್ತಿದ್ದೀನಿ, ತಡಿಯೋ."

ಗ್ವೋಜ್ದೆನ್ ಮಾವ ತಲೆಕೆಳಗು ಮಾಡಿದ ಬಕೀಟಿನ ಮೇಲೆ ಕೂತು ಮೆಣಸಿನಕಾಯಿ ಸುಡುತ್ತಿದ್ದ. "ಒಂಬತ್ತು ದಿನದಿಂದ ಇವ್ನು ಹಸು ಸತ್ತೋನ ಥರ ಓಡಾಡ್ತಾವ್ನೆ. ಅದೇನ್ ಹಾಕಿದ್ದೀಯೋ ಸ್ಲಾವಿಶಾ, ಆ ಆಟದೊಳಗೆ?"

"ಏನೂ ಹಾಕಿಲ್ಲ ಮಾವ."

"ಹಂಗಾದ್ರೆ ಅದೇ ಇರ್ಬೇಕು ಕಾಯಿಲೆ."

ಸ್ಲಾವಿಶಾ ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡ. "ನೋಡು ನೆಗೊವಾನ್. ಸಂಜೆ ಒಳಗೆ ದಂಡೆಯಲ್ಲಿ ಎರಡು ಸಾಲು ಬರೀಬೇಕು ನೀನು. ಒಳ್ಳೇ ಎರಡು ಸಾಲು. ಹಳೇ ಆಟಗಾರರು ಏನಂತಾರೆ ಅಂತ ಕಂಪನಿ ಯಜಮಾನರು ನಾಳೆ ಕೂತು ನೋಡ್ತಾರೆ. ಐದನೇ ಭಾಗ ನಮ್ಮ ತಂಡಕ್ಕೇ ಕೊಡ್ತಾರೋ, ಇಲ್ಲ ನಮ್ಮನ್ನ ಮನೆಗೆ ಕಳಿಸ್ತಾರೋ ಅಂತ ನಾಳೆನೇ ತೀರ್ಮಾನ. ಒಂಬತ್ತು ಜನ ಇದ್ದೀವಿ ಕಣೋ."

"ಆ ಒಂಬತ್ತು ಜನದಲ್ಲಿ ಒಬ್ಬನಾದ್ರೂ ಗೋಧಿ ಕೊಯ್ದಿದ್ದಾನಾ?"

"ಶುರು ಮಾಡ್ದ ನೋಡು."

ಹೌದು, ಶುರು ಮಾಡಿದೆ. ಮೊದಲ ಭಾಗದಲ್ಲಿ ದಾರಿ ತಪ್ಪಿದರೆ ಗಿರಣಿಯವನನ್ನು ಕೇಳಬೇಕಿತ್ತು. ಕಾಲು ಒರೆಸದೆ ಒಳಗೆ ಹೋದರೆ ಅವನು ಬೇಕೆಂದೇ ತಪ್ಪು ದಾರಿ ತೋರಿಸುತ್ತಿದ್ದ. ನಾಲ್ಕನೆಯದರಲ್ಲಿ ಹೋಗುವ ದಾರಿಯುದ್ದಕ್ಕೂ ನೆಲದ ಮೇಲೆ ಚಿನ್ನದ ಗೆರೆ. ಕುರುಡನೂ ಹೋಗಬಹುದು. ಯಾರ ಹತ್ತಿರ ಕೆಲಸವಿದೆಯೋ ಅವನ ತಲೆಯ ಮೇಲೆ ಹಳದಿ ದೀಪ. ಕೆಲಸವಿಲ್ಲದವರು ಬಾಯೇ ಬಿಡುವುದಿಲ್ಲ, ಸಂತೆಯ ಗೊಂಬೆಗಳು. ಸಿಳ್ಳೆ ಹಾಕಿದರೆ ಕುದುರೆ ಗೋಡೆಯಿಂದ ಉದುರುತ್ತದೆ. ಕೊಯ್ದ ಗೋಧಿ ಹಿಂತಿರುಗಿ ನೋಡುವಷ್ಟರಲ್ಲಿ ಮತ್ತೆ ತೆನೆ ಬಿಟ್ಟಿರುತ್ತದೆ.

ಇವನ್ನೆಲ್ಲ ಬೆರಳು ಮಡಚದೆ ಒಂದೇ ಉಸಿರಿಗೆ ಹೇಳಿದೆ. ಒಂದನ್ನು ಮಾತ್ರ ಹೇಳಲಿಲ್ಲ.

"ಕೆಲಸದಿಂದ ಬಂದೋರು ಅರ್ಧ ಗಂಟೆ ಆಡ್ತಾರೆ. ಅವರಿಗೆ ದಾರಿ ಹುಡುಕೋಕೆ ಪುರಸೊತ್ತಿಲ್ಲ" ಎಂದ ಸ್ಲಾವಿಶಾ.

"ಪುರಸೊತ್ತಿಲ್ಲದೋರಿಗೆ ಅಲೆಮಾರಿ ವೇಷ ಯಾಕೆ? ಬಸ್ ಹತ್ತಲಿ."

ಗ್ವೋಜ್ದೆನ್ ಮಾವ ಬಿದ್ದು ಬಿದ್ದು ನಕ್ಕ. ಸ್ಲಾವಿಶಾನ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಕೊಳವೆಯ ಬಾಯಿ ತೇವವಾಯಿತು. ಮೊದಲು ಇಳಿಯುವುದಕ್ಕೆ ನಮ್ಮಲ್ಲಿ ಚೊಚ್ಚಲು ಎನ್ನುತ್ತಾರೆ. ಘಾಟು, ಕುಡಿಯಲು ಬಾರದು, ಮಂಡಿನೋವಿಗೆ ಉಜ್ಜಿಕೊಳ್ಳುವುದಕ್ಕೆ ಸರಿ. ಅದನ್ನು ಬೇರೆ ಬಟ್ಟಲಿಗೆ ಹಿಡಿದು, ಘಾಟು ಹೋಗಿ ವಾಸನೆ ಹಣ್ಣಿನ ಕಡೆ ತಿರುಗಿದ ಮೇಲೆಯೇ ಕೊಳವೆಯ ಕೆಳಗೆ ದೊಡ್ಡ ಜಾಡಿ ಇಡಬೇಕು. ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು.

"ಬಟ್ಟಲು ಇಟ್ಟಿದ್ದೀನಿ. ವಾಸನೆ ತಿರುಗೋವರೆಗೂ ಜಾಡಿ ಮುಟ್ಟಬೇಡ. ಅಪ್ಪ ನಿನಗೂ ಕಲಿಸಿದ್ದನಲ್ಲ?"

"ಹೋಗೋ, ನಂಗೊತ್ತು" ಎಂದ.

ಗ್ವೋಜ್ದೆನ್ ಮಾವ ಸುಟ್ಟ ಮೆಣಸಿನಕಾಯಿ ಜೊತೆ ತಿನ್ನಲು ಕೆನೆ ತರಲು ಒಳಗೆ ಹೋದ. ನಾನು ಹಸುವಿಗೆ ಹುಲ್ಲು ಹಾಕಿ, ನೀರಿಟ್ಟು ಬಂದೆ. ಬಹಳವೆಂದರೆ ಕಾಲು ಗಂಟೆ. ಬಂದು ನೋಡಿದರೆ ಬಟ್ಟಲು ಕಾಲುಭಾಗವೂ ತುಂಬದೆ ಪಕ್ಕಕ್ಕೆ ಸರಿದಿತ್ತು. ಕೊಳವೆಯ ಕೆಳಗೆ ನಿನ್ನೆಯಿಂದ ಇಳಿಸಿದ ಹದಿನಾಲ್ಕು ಲೀಟರ್ ಇದ್ದ ಜಾಡಿ. ಅದಕ್ಕೆ ಚೊಚ್ಚಲು ಸಣ್ಣ ದಾರವಾಗಿ ಬೀಳುತ್ತಿತ್ತು. ಸ್ಲಾವಿಶಾ ಫೋನಿಗೆ ಮುಖವಿಟ್ಟು ಕೂತಿದ್ದ. ಆಟದ ಬಗ್ಗೆ ಜನ ಬರೆದದ್ದನ್ನು ಓದುತ್ತಿದ್ದ.

ನಾನು ಜಾಡಿ ಎಳೆದೆ. ಬಗ್ಗಿ ಮೂಸಿದೆ. ಬಣ್ಣದಂಗಡಿಯ ವಾಸನೆ.

"ತಿರುಗಿತ್ತು ಅನ್ಕೊಂಡೆ" ಎಂದ ಅವನು.

ಗ್ವೋಜ್ದೆನ್ ಮಾವ ಕೆನೆಯ ಬೋಗುಣಿ ಹಿಡಿದು ಬಾಗಿಲಲ್ಲೇ ನಿಂತ. "ಅನ್ಕೊಂಡ್ಯಾ? ಮೂಗು ಪಟ್ಟಣದಲ್ಲಿ ಬಿಟ್ಟು ಬಂದ್ಯೇನೋ ಬಡ್ಡೀಮಗನೆ! ನಾಳೆ ಬೆಳಿಗ್ಗೆ ನನ್ನ ಹಂಡೆ ಹೋಗುತ್ತೆ. ಇದನ್ನ ಮತ್ತೆ ಭಟ್ಟಿ ಇಳಿಸೋಕೆ ಎಲ್ಲೈತೆ ಹೊತ್ತು?"

ಬೈಯಲಿ ಎಂದು ಬಿಟ್ಟೆ. ಬಟ್ಟಲನ್ನು ಕೊಳವೆಯ ಕೆಳಗೆ ಮತ್ತೆ ಇಟ್ಟು ಕೂತೆ. ಆಗ ಹೇಳದೆ ಉಳಿಸಿಕೊಂಡದ್ದು ತಾನಾಗಿ ಹೊರಬಂತು.

"ದೋಣಿಯವನನ್ನ ಯಾಕೆ ಹಾಳು ಮಾಡ್ದೆ?"

ಮೊದಲ ಭಾಗದಲ್ಲಿ ಒಬ್ಬ ದೋಣಿಯವನಿದ್ದಾನೆ. ಎಷ್ಟು ಮಾತಾಡಿಸಿದರೂ ಬಾಯಿ ಬಿಡುವುದಿಲ್ಲ. ಅವನ ಪಕ್ಕದ ಹಲಗೆಯ ಮೇಲೆ ಕೂತು, ಒಂದು ಗುಂಡಿಯನ್ನೂ ಒತ್ತದೆ ಹದಿಮೂರು ನಿಮಿಷ ಇದ್ದರೆ, ಹೊಳೆಯ ಕಡೆ ನೋಡುತ್ತಲೇ, ಮುಳುಗಿದ ಚರ್ಚಿನ ಗಂಟೆ ಎಲ್ಲಿದೆ ಎಂದು ಹೇಳುತ್ತಾನೆ. ಅದನ್ನು ಯಾರಿಗೂ ನಾವು ಹೇಳಿರಲಿಲ್ಲ. ಯಾವನೋ ಒಬ್ಬ ಆಟ ಹಾಗೇ ಬಿಟ್ಟು ಒಲೆಗೆ ಸೌದೆ ಇಡಲು ಹೋಗಿ ಬಂದಾಗ ಗೊತ್ತಾಯಿತು. ಆ ದೋಣಿಯವನು ನಮ್ಮ ಅಪ್ಪ. ಅಪ್ಪನನ್ನು ಕೇಳಿಯೇ ಬರೆದಿದ್ದ ಸ್ಲಾವಿಶಾ. ಅಪ್ಪ ಪರದೆ ನೋಡಿ, 'ಮೂಗು ಸಣ್ಣದಾಯ್ತು, ಉಳಿದಿದ್ದು ಪರವಾಗಿಲ್ಲ' ಎಂದಿದ್ದ. ನಾಲ್ಕನೇ ಭಾಗದಲ್ಲಿ ಅವನು ಮತ್ತೆ ಬರುತ್ತಾನೆ. ಹಲಗೆಯ ಮೇಲೆ ಕೂತ ತಕ್ಷಣ ಕೆಳಗೆ ಒಂದು ಗುಂಡಿ ಮೂಡುತ್ತದೆ: 'ಕಾಯುವುದನ್ನು ದಾಟಿಸಿ'. ಒತ್ತಿದರೆ ಅಪ್ಪ ಗಿಳಿಯ ಹಾಗೆ ಎಲ್ಲವನ್ನೂ ಒದರುತ್ತಾನೆ.

"ಆ ಗುಂಡಿ ಇಡು ಅಂದೋರು ಯಾರು? ಯಜಮಾನರಾ?" ಎಂದು ಕೇಳಿದೆ. ಹೌದು ಎನ್ನಲಿ ಎಂದು ಬಯಸಿದ್ದೆ. ಹೌದು ಎಂದಿದ್ದರೆ ಎರಡು ಸಾಲು ಹೇಗೋ ಬರೆಯುತ್ತಿದ್ದೆನೇನೋ.

ಸ್ಲಾವಿಶಾ ಬೆಂಕಿ ನೋಡಿದ. "ನಾನೇ" ಎಂದ. "ಅವರಿಗೆ ದೋಣಿಯವನು ಅಂತ ಒಬ್ಬ ಇದ್ದಾನೆ ಅನ್ನೋದೇ ಗೊತ್ತಿಲ್ಲ. ಬರೆದಾದ ಮೇಲೆ ಆಡಿ ನೋಡೋಕೆ ಕೂತೆ. ಮೂರು ಸಲ ಕೂತೆ ಕಣೋ. ನಾಲ್ಕು ನಿಮಿಷ ಆಗೋದ್ರಲ್ಲಿ ಕೈ ಫೋನಿಗೆ ಹೋಗ್ತಿತ್ತು. ನನ್ನ ಕೈಲೇ ಆಗಲ್ಲ, ಬೇರೆಯೋರ ಕೈಲಿ ಹೆಂಗಾಗುತ್ತೆ ಅಂತ..."

ಗ್ವೋಜ್ದೆನ್ ಮಾವ ಕೆನೆಯ ಬೋಗುಣಿ ಕೆಳಗಿಟ್ಟ. ಬಟ್ಟಲಿಗೆ ಚೊಚ್ಚಲು ತೊಟ್ಟಿಕ್ಕುವುದು ಕೇಳುತ್ತಿತ್ತು.

"ನಿನ್ನ ಕೈಲಿ ಆಗಲ್ಲ ಅಂತ ನಮ್ಮಪ್ಪನ ಬಾಯಿ ಬಿಡಿಸಿದ್ಯಾ?" ಎಂದೆ.

"ಎರಡು ಸಾಲು ಕಣೋ. ಒಂಬತ್ತು ಜನ."

"ಜಾಡಿ ನೋಡು. ಇದನ್ನ ಚೆನ್ನಾಗಿದೆ ಅಂತ ಊರಿಗೆ ಹಂಚ್ಲಾ?"

ನಾನು ಒಳಗೆ ಹೋಗಿ ಕೈ ತೊಳೆದು ಕಂಪ್ಯೂಟರ್ ಮುಂದೆ ಕೂತೆ. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು. ಗೋಧಿ, ಕುದುರೆ, ಚಿನ್ನದ ಗೆರೆ ಎಲ್ಲ ಬರೆದು ಅಳಿಸಿದೆ. ಕೊನೆಗೆ ದಂಡೆಯಲ್ಲಿ ಉಳಿದದ್ದು ಇಷ್ಟು: 'ನಾಲ್ಕನೇ ಭಾಗ ಆಡಿದೆ. ದೋಣಿಯವನ ಹತ್ತಿರ ಕೂತೆ. ಈಗ ಅವನಿಗೆ ಕಾಯುವುದು ಬೇಡವಂತೆ. ನಾನು ಮೊದಲನೆಯದಕ್ಕೆ ವಾಪಸ್ ಹೋಗುತ್ತೇನೆ.'

ಹೊರಗೆ ಬಂದಾಗ ಸ್ಲಾವಿಶಾ ಅದನ್ನು ಆಗಲೇ ಫೋನಿನಲ್ಲಿ ಓದಿದ್ದ. ಎದ್ದು ನಿಂತ. ಕೆಡಿಸಿದವನೇ ಒಯ್ಯಬೇಕೆಂಬುದು ಹಂಡೆಯ ಕಟ್ಟಳೆ. ಗ್ವೋಜ್ದೆನ್ ಮಾವ ಜಾಡಿಯನ್ನು ಕಾರಿನ ಡಿಕ್ಕಿಗೆ ಎತ್ತಿಟ್ಟ. "ಕುಡೀಬೇಡ. ಮಂಡಿಗೆ ಉಜ್ಕೋ" ಎಂದ.

ಕಾರು ಸೇತುವೆಯ ಕಡೆ ತಿರುಗುವುದನ್ನು ನಾನು ನೋಡಲಿಲ್ಲ. ಬಟ್ಟಲ ಮೇಲೆ ಬಗ್ಗಿದ್ದೆ. ವಾಸನೆ ಇನ್ನೂ ತಿರುಗಿರಲಿಲ್ಲ.