ಒಂದು ದಿನದ ಗೋಡೌನು

ಮಾಧವನ ಅಂಗಡಿಯಲ್ಲಿ ಎಲ್ಲವೂ ಇತ್ತು, ಅಂಗಡಿಯೊಂದನ್ನು ಬಿಟ್ಟು. ಗಣಪತಿ, ಆಂಜನೇಯ, ಸರಸ್ವತಿ, ನಂದಿ, ಯಾವ ದೇವರು ಬೇಕೋ ಕೇಳಿ, ಎಲ್ಲರೂ ಇಂಟರ್‌ನೆಟ್ಟಿನಲ್ಲಿ ಸಾಲಾಗಿ ಕುಳಿತಿದ್ದರು. ಮುಳಬಾಗಿಲು ಬಸ್‌ಸ್ಟ್ಯಾಂಡಿನ ಹಿಂದಿದ್ದ ಬ್ರೌಸಿಂಗ್ ಸೆಂಟರಿನ ಮೂಲೆಯ ಕುರ್ಚಿಯನ್ನು ಬಿಟ್ಟರೆ ಅವನ ವ್ಯಾಪಾರಕ್ಕೆ ನೆಲೆ ಅಂತ ಬೇರೆ ಇರಲಿಲ್ಲ. ಮೊಬೈಲು ಎಲ್ಲರ ಜೇಬಿಗೂ ಆಗತಾನೆ ಬಂದು ಕೂರುತ್ತಿದ್ದ ಕಾಲ. ಅಷ್ಟು ಸಾಕಾಗಿತ್ತು.

ವ್ಯಾಪಾರದ ಮರ್ಮ ಸರಳ. ಮಾಲೂರಿನ ಕಡೆ ಶಿವಾರಪಟ್ಟಣದಲ್ಲಿ ಕದಿರೇಶಾಚಾರಿ ಎಂಬ ಶಿಲ್ಪಿ ವಿಗ್ರಹ ಕೆತ್ತುತ್ತಿದ್ದರು. ಮಾಧವ ಅವುಗಳ ಫೋಟೋ ಹಿಡಿದು ವೆಬ್‌ಸೈಟಿಗೆ ಹಾಕುತ್ತಿದ್ದ. ಎಲ್ಲಿಯೋ ಯಾರೋ ಇಷ್ಟಪಟ್ಟು ಹಣ ಕಳಿಸಿದರೆ ತನ್ನ ಪಾಲು ಹಿಡಿದುಕೊಂಡು, ಉಳಿದದ್ದನ್ನು ಆಚಾರಿಗೆ ಕೊಟ್ಟು, ವಿಳಾಸವನ್ನು ಫೋನಿನಲ್ಲಿ ಹೇಳುತ್ತಿದ್ದ. ಆಚಾರಿ ವಿಗ್ರಹಕ್ಕೆ ಹುಲ್ಲು ಸುತ್ತಿ, ಪೆಟ್ಟಿಗೆಗೆ ಮಾಧವನ ಅಂಗಡಿಯ ಚೀಟಿ ಅಂಟಿಸಿ, ತಮ್ಮ ಅಂಗಳದಿಂದಲೇ ನೇರ ಆ ಮನೆಗೆ ಕಳಿಸುತ್ತಿದ್ದರು. ಮಾರಿದ ಒಂದು ದೇವರನ್ನೂ ಮಾಧವ ಎತ್ತಿ ನೋಡಿದವನಲ್ಲ. ಆದರೆ ಒಂದು ವಿಷಯದಲ್ಲಿ ಅವನನ್ನು ಮೆಚ್ಚಲೇಬೇಕು. ಹೇಳಿದ ದಿನ, ಹೇಳಿದ ಮನೆಗೆ, ವಿಗ್ರಹ ತಲುಪದೆ ಇದ್ದದ್ದು ಒಮ್ಮೆಯೂ ಇಲ್ಲ.

“ಊರೋರೆಲ್ಲ ಕೈ ಕೆಸರು ಮಾಡ್ಕೊಂಡು ಬಾಯಿ ಮೊಸರು ಮಾಡ್ಕೋತಾರೆ. ನನ್ನ ಮಗ ಕೈ ತೊಳ್ಕೊಂಡೇ ಮೊಸರು ತಿಂತಾನೆ” ಎಂದು ಅವನ ತಾಯಿ ಶಾಮಲಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದರು.

“ಅಮ್ಮಾ, ಮದುವೆ ದಲ್ಲಾಳಿ ಕೃಷ್ಣಮೂರ್ತಿಗಳು ಹುಡುಗೀರನ್ನ ಮನೇಲಿ ಸ್ಟಾಕ್ ಇಟ್ಕೊಂಡಿದಾರಾ? ಅವರ ಚೀಲದಲ್ಲಿರೋದು ಬರೀ ಫೋಟೋ. ನಂದೂ ಅಷ್ಟೇ ಕಣಮ್ಮ.”

ಉದಾಹರಣೆ ಚೆನ್ನಾಗಿಯೇ ಇತ್ತು. ಕೃಷ್ಣಮೂರ್ತಿಗಳನ್ನು ಉದಾಹರಣೆಯಾಗಿಯೇ ಉಳಿಸಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಕೋಲಾರದ ಒಂದು ಮದುವೆಯಲ್ಲಿ, ಹುಳಿಗೆ ಉಪ್ಪಿಲ್ಲವೆಂದು ಅಡುಗೆಯವರನ್ನೇ ಪಂಕ್ತಿಗೆ ಕರೆಸಿ ರುಚಿ ನೋಡಿಸಿದ ಶ್ರೀನಿವಾಸಪುರದ ವಿಭಾಳನ್ನು ಕಂಡಾಗಿನಿಂದ ಮಾಧವನಿಗೆ ಊಟವೇ ಸೇರುತ್ತಿರಲಿಲ್ಲ. ಮದುವೆ ಅಂತ ಆದರೆ ಇವಳನ್ನೇ ಎಂದು ಅವನೇ ದಲ್ಲಾಳಿಗಳ ಮನೆಗೆ ಹೋಗಿ ಹೇಳಿ ಬಂದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವುದನ್ನು ಕೃಷ್ಣಮೂರ್ತಿಗಳು ವ್ರತದಂತೆ ಪಾಲಿಸುವವರು. ಹೆಣ್ಣಿನ ಕಡೆಯವರ ಮುಂದೆ ಕಾಫಿ ಹೀರುತ್ತಾ, “ಹುಡುಗನ ಗೋಡೌನ್ ನೋಡಬೇಕು ನೀವು! ಕಾಲಿಡೋಕೆ ಜಾಗ ಇಲ್ಲ, ಅಷ್ಟು ದೇವರು” ಎಂದುಬಿಟ್ಟರು.

“ಹಂಗಾದ್ರೆ ನೋಡೇ ಬಿಡೋಣ. ಶುಕ್ರವಾರ ಬರ್ತೀವಿ” ಎಂದರಂತೆ ಅವರು.

ಸುದ್ದಿ ಮಾಧವನಿಗೆ ತಲುಪಿತು. ಹೋಗಿ ನಿಜ ಹೇಳಬಹುದಿತ್ತು. ಪ್ರೀತಿಯಲ್ಲಿ ಬಿದ್ದವನಿಗೆ ಸುಲಭದ ದಾರಿ ಕಾಣುವುದಿಲ್ಲವಲ್ಲ. ಅವನು ಹುಣಸೆಹಣ್ಣಿನ ಮಂಡಿಯವರ ಖಾಲಿ ಗೋಡೌನನ್ನು ಒಂದು ದಿನದ ಬಾಡಿಗೆಗೆ ಹಿಡಿದ. ಆಮೇಲೆ ಆಚಾರಿಗೆ ಫೋನು ಮಾಡಿದ.

“ಏನ್ ಸ್ವಾಮಿ ನೀವು! ಒಂದ್ ದಿನಕ್ಕೆ ಬಾಡಿಗೆಗೆ ಕೊಡೋಕೆ ವಿಗ್ರಹ ಅಂದ್ರೆ ಶಾಮಿಯಾನದ ಕುರ್ಚಿನಾ?”

“ಆಚಾರ್ರೇ, ನನ್ನ ಮದುವೆ ಪ್ರಶ್ನೆ. ಅಂಗಳದಲ್ಲಿ ಇರೋದೆಲ್ಲಾ ಕಳ್ಸಿ, ಒಂದನ್ನೂ ಬಿಡಬೇಡಿ. ಸಂಜೆಗೆ ವಾಪಸ್.”

ಮದುವೆ ಎಂದ ಮೇಲೆ ಆಚಾರಿ ಕರಗಿದರು. ಶುಕ್ರವಾರ ಬೆಳಿಗ್ಗೆ ಡ್ರೈವರ್ ನರೇಶನ ಟೆಂಪೋದಲ್ಲಿ ದೇವರುಗಳು ಒಬ್ಬರಿಗೊಬ್ಬರು ಒರಗಿಕೊಂಡು ಮುಳಬಾಗಿಲಿಗೆ ಬಂದಿಳಿದರು. ಇಬ್ಬರು ಕೂಲಿಯವರು ಹೊತ್ತು ಒಳಗಿಟ್ಟರು. ಮಾಧವ ದೂರ ನಿಂತು ಎಡಕ್ಕೆ, ಬಲಕ್ಕೆ ಎಂದು ಕೈ ತೋರಿಸಿದ. ಕೊನೆಯಲ್ಲಿ ಒಂದು ಪೆಟ್ಟಿಗೆ ಉಳಿಯಿತು. ತೆರೆದರೆ ಒಳಗೆ ಅಡಿಯೆತ್ತರದ ಕರಿಕಲ್ಲಿನ ಗಣಪ. ಕೈಯಲ್ಲಿ ಮೋದಕವಿಲ್ಲ, ಮೂತಿ ಚೂಪಾದ ತೋತಾಪುರಿ ಮಾವಿನಹಣ್ಣು.

ಮಾಧವನಿಗೆ ತಕ್ಷಣ ಗೊತ್ತಾಯಿತು. ಶ್ರೀನಿವಾಸಪುರದ ರಾಮಲಕ್ಷ್ಮಮ್ಮ ಎಂಬುವರ ಹೆಸರಿನಲ್ಲಿ ಬಂದ ಆರ್ಡರು ಇದು. ಗಣಪನ ಕೈಗೆ ಹಣ್ಣು ಕೊಡುವುದೇನೋ ಸರಿ, ತೋತಾಪುರಿಯೇ ಬೇಕು ಎನ್ನುವವರನ್ನು ಕಂಡಿಲ್ಲ ಎಂದು ಆಚಾರಿ ವಾರವೆಲ್ಲ ಗೊಣಗಿದ್ದರು. ಶುಕ್ರವಾರ ಸಂಜೆ ಪೂಜೆಯ ಹೊತ್ತಿಗೆ ಮನೆಯಲ್ಲಿರಬೇಕು ಎಂಬ ಕರಾರು. ಮಾತು ಕೊಟ್ಟವನು ಇವನೇ.

“ಇದು ಶ್ರೀನಿವಾಸಪುರದ್ದಲ್ವಾ ಸಾರ್? ಒಂದನ್ನೂ ಬಿಡಬೇಡಿ ಅಂದ್ರಂತೆ, ಅದಕ್ಕೆ ಇದನ್ನೂ ಹಾಕ್ಬಿಟ್ರು. ಈಗ್ಲೇ ಹೋಗಿ ಕೊಟ್ಟು ಬರ್ಲಾ?” ಎಂದ ನರೇಶ.

ಮಾಧವ ಗಣಪನನ್ನು ನೋಡಿದ. ಗೋಡೌನಿನಲ್ಲಿದ್ದ ಅಷ್ಟೂ ವಿಗ್ರಹಗಳಲ್ಲಿ ಅದರಷ್ಟು ಮುದ್ದಾದದ್ದು ಇನ್ನೊಂದಿರಲಿಲ್ಲ. ಬಾಗಿಲಿಗೆ ಎದುರಾಗಿ, ಮುಂದಿನ ಸಾಲಿನ ನಟ್ಟನಡುವೆ ಇಟ್ಟರೆ ಬಂದವರ ಕಣ್ಣು ಬೇರೆಡೆ ಹೋಗುವಂತಿಲ್ಲ.

“ನಾಳೆ ಹೋಗ್ಲಿ ಬಿಡೋ. ಅವರು ಯಾರೋ ಅಜ್ಜಿ, ಒಂದ್ ದಿನ ಕಾಯ್ತಾರೆ” ಎಂದ. ಹೇಳಿದ ಮೇಲೆ ಮನಸ್ಸು ಚುಚ್ಚಿತು. ಚುಚ್ಚಿದ್ದಕ್ಕೆ ಅವನು ಗಣಪನ ಮೇಲಿನ ಧೂಳು ಒರೆಸಿದ.

ಮಧ್ಯಾಹ್ನ ಅವರು ಬಂದರು. ವಿಭಾಳ ತಂದೆ, ತಂದೆಯ ತಾಯಿ, ಜೊತೆಗೆ ವಿಭಾ. ಹುಡುಗಿ ಹೀಗೆ ಬರುವುದು ವಾಡಿಕೆಯಲ್ಲ. ಅಂಗಡಿ ಅಂದ ಮೇಲೆ ನಾನೂ ನೋಡಬೇಕು ಎಂದು ಹಟ ಹಿಡಿದು ಬಂದಿದ್ದಳು. ಕೃಷ್ಣಮೂರ್ತಿಗಳು ಗೋಡೌನಿನ ಬಾಗಿಲನ್ನು ಗರ್ಭಗುಡಿಯ ಬಾಗಿಲಿನಂತೆ ತೆರೆದರು. “ನೋಡಿ! ಕಾಲಿಡೋಕೆ ಜಾಗ ಇದೆಯಾ?”

ಅಜ್ಜಿ ಒಳಗೆ ಬಂದವರು ನಟ್ಟನಡುವಿನ ಗಣಪನ ಮುಂದೆ ನಿಂತೇಬಿಟ್ಟರು. ಬಗ್ಗಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

“ಏಮಿ ನಾಯನಾ ಇದು! ವಿಭಾ, ಬಾ ಇಲ್ಲಿ. ನಮ್ಮ ತೋಟದ ಹಣ್ಣು ಹಿಡ್ಕೊಂಡು ನಮ್ಮ ಗಣಪ ಇಲ್ಲಿ ಕೂತವ್ನೆ! ಅಲ್ಲಿ ಮನೇಲಿ ಕೆಲಸದ ಮುನಿಶಾಮಮ್ಮನ್ನ ಇವನು ಬರ್ತಾನೆ ಅಂತ ಬಾಗಿಲಲ್ಲಿ ಕಾಯೋಕೆ ಕೂರಿಸಿ ಬಂದಿದೀನಿ ನಾನು.”

ಮಾಧವ ಒಂದು ಹೆಜ್ಜೆ ಮುಂದೆ ಬಂದ. “ಅಜ್ಜಿ… ನಿಮ್ಮ ಹೆಸರು?”

“ರಾಮಲಕ್ಷ್ಮಮ್ಮ ಅಂತ. ಆರ್ಡರು ಮಾಡಿದ್ದು ಇವಳು. ಹುಡುಗನ್ನ ಏನ್ ನೋಡೋದು ಅಜ್ಜಿ, ಅಂಗಡೀಲಿ ಒಂದು ಸಾಮಾನು ತರಿಸಿ ನೋಡೋಣ, ಮಾತಿಗೆ ನಿಲ್ತಾನೋ ಇಲ್ವೋ ಗೊತ್ತಾಗುತ್ತೆ ಅಂದ್ಳು.”

ಕೃಷ್ಣಮೂರ್ತಿಗಳಿಗೆ ಕೆಮ್ಮು ಬಂತು. ಸಾವಿರದಲ್ಲಿ ಒಂದಾದರೂ ಹೊಂದುವ ಸುಳ್ಳಿಗಾಗಿ ಅವರು ತಡಕಾಡುತ್ತಿರುವಾಗಲೇ ಮಾಧವ ಬಾಯಿ ಬಿಟ್ಟ. ಗೋಡೌನು ಮಂಡಿಯವರದು, ದೇವರು ಆಚಾರಿಯವರದು, ತನ್ನದು ಫೋಟೋ ಮತ್ತು ಫೋನು ಮಾತ್ರ ಎಂದ. ಬೆಳಿಗ್ಗೆ ನರೇಶ ಕೇಳಿದ್ದನ್ನೂ, ಅಜ್ಜಿ ಕಾಯ್ತಾರೆ ಬಿಡು ಎಂದು ತಾನು ಹೇಳಿದ್ದನ್ನೂ ಬಿಡಲಿಲ್ಲ. ಅವನಿಗೆ ನಿಜವಾಗಿ ನಾಚಿಕೆಯಾಗಿತ್ತು.

ವಿಭಾ ಸುತ್ತ ನೋಡಿದಳು. “ಅಂಗಡಿ ಖಾಲಿ ಇದ್ದಿದ್ರೆ ನಮ್ಮಜ್ಜಿ ಗಣಪ ಇಷ್ಟೊತ್ತಿಗೆ ಮನೇಲಿರ್ತಿದ್ದ, ಅಲ್ವಾ?”

ಮಾಧವ ಹೌದೆಂದು ತಲೆಯಾಡಿಸಿದ.

“ಸಂಜೆ ಆಗಿಲ್ಲ ಇನ್ನೂ” ಎಂದಳು. ಅಷ್ಟೇ ಹೇಳಿ ಕಾರು ಹತ್ತಿದಳು.

ಕೂಲಿಯವರು ಊಟಕ್ಕೆ ಹೋಗಿದ್ದರು. ಮಾಧವ ತಾನೇ ಬಗ್ಗಿ ಗಣಪನನ್ನು ತಬ್ಬಿ ಎತ್ತಿದ. ಸೊಂಟ ಹಿಡಿಯಿತು, ಉಸಿರು ಮೇಲಕ್ಕೆ ಬಂತು. ಇಷ್ಟು ದಿನ ಮಾರಿದ್ದು ಎಷ್ಟು ಭಾರವಿತ್ತೆಂದು ಅವನಿಗೆ ತಿಳಿದದ್ದು ಆಗಲೇ. ಶ್ರೀನಿವಾಸಪುರದವರೆಗೂ ನರೇಶನ ಪಕ್ಕದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಪ್ರತಿ ಗುಂಡಿಯಲ್ಲೂ ತೋತಾಪುರಿಯ ಮೂತಿ ಅವನ ಎದೆಗೆ ತಿವಿಯುತ್ತಿತ್ತು, ಮತ್ತು ನರೇಶ ಒಂದು ಗುಂಡಿಯನ್ನೂ ಬಿಡುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗಣಪ ದೇವರ ಮನೆ ಸೇರಿದ. ಅಜ್ಜಿ ಮಂಗಳಾರತಿ ಮಾಡಿದರು. ಮಾಧವ ಹೊಸ್ತಿಲ ಹೊರಗೇ ನಿಂತು ಕೈಮುಗಿದು, ಬರ್ತೀನಿ ಎಂದು ಮೆಟ್ಟಿಲಿಳಿಯಲು ಹೊರಟ. ಮುಖ ಎತ್ತಿ ನೋಡುವ ಧೈರ್ಯವಿರಲಿಲ್ಲ.

“ಎಲ್ಲಿಗೆ ನಾಯನಾ? ಕೂತ್ಕೋ” ಎಂದರು ಅಜ್ಜಿ.

ಒಳಗಿನಿಂದ ವಿಭಾ ತಟ್ಟೆ ತಂದಳು. ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು. ಹೆಣ್ಣು ನೋಡಲು ಬಂದ ಹುಡುಗನಿಗೆ ಯಾವ ಮನೆಯಲ್ಲೂ ಕೊಡುವುದು ಅದನ್ನೇ. ಮಾಧವ ತಟ್ಟೆಯನ್ನು ನೋಡಿದ, ಅವಳನ್ನು ನೋಡಿದ, ನಂಬಲಾರದೆ ಮತ್ತೆ ತಟ್ಟೆಯನ್ನು ನೋಡಿದ.

“ತಿನ್ನಿ” ಎಂದಳು ವಿಭಾ. “ನಮ್ಮನೇಲೇ ಮಾಡಿದ್ದು. ಬಾಡಿಗೆಗೆ ತಂದಿದ್ದಲ್ಲ.”