ಹಳದಿ ತೊಟ್ಟಿಲಿನ ಮುಂದೆ

"ನನ್ನ ನಟ್ಟನಡುವ ನಿಲ್ಲಿಸಬ್ಯಾಡ ಆಫ್ರೀನ, ಬಾಜೂಕ ಇರ್ಲಿ. ಆ ನೀಲಿ ಕಂಬ ಮೂಲಿಯಿಂದ ಮೂಲಿಗಿ ಹಾದು ಹೋಗಬೇಕು."

"ನೀಲಿ ಕಂಬ ಬಂತು, ಹಳದಿ ತೊಟ್ಟಿಲಾನೂ ಬಂತು. ನಿನ್ನ ಮಾರಿ ಮಾತ್ರ ಬಿಗದೈತಿ. ಒಂದೀಟು ನಗವಾ ತಾಯಿ."

"ನಗಂಗಿಲ್ಲ. ಹೊಡಿ."

ಆಫ್ರೀನ ಬಟನ್ ಒತ್ತಿದಳು. ಭುವನೇಶ್ವರಿ ಸೆರಗು ಹಿಡಿದುಕೊಂಡು ಓಡಿ ಬಂದು ಕ್ಯಾಮೆರಾದ ಪರದೆ ನೋಡಿದಳು. ಮುಂದೆ ನೆಲವೇ ಹೆಚ್ಚಾಯಿತು ಎಂದು ಅದನ್ನು ಅಳಿಸಿ, ಆಫ್ರೀನಳನ್ನು ಮೊಣಕಾಲೂರಿ ಕೂರಿಸಿ, ಮತ್ತೆ ಹೋಗಿ ಜೈಂಟ್ ವೀಲಿನ ತೊಟ್ಟಿಲ ಮುಂದೆ ಬಿಸಿಲಲ್ಲಿ ನಿಂತಳು.

ಇಳಕಲ್ಲಿನ ಹೊರಗೆ ಹೆದ್ದಾರಿಯ ಪಕ್ಕ ಹೊಸದಾಗಿ ಎದ್ದ ಅಮ್ಯೂಸ್‌ಮೆಂಟ್ ಪಾರ್ಕು ಅದು. ಜಾಹೀರಾತಿಗೆ ಫೋಟೋ ಬೇಕೆಂದು ಮಾಲೀಕ ಪ್ರವೀಣಕುಮಾರ ಹುನಗುಂದದ ಮಹಾಂತೇಶನ ಸ್ಟುಡಿಯೋಗೆ ಹೇಳಿದ್ದ. ಮಹಾಂತೇಶನಿಗೆ ಅದೇ ದಿನ ಮರೋಳದಲ್ಲಿ ಮದುವೆಯ ಕೆಲಸ. ಹಾಗಾಗಿ ತಂಗಿ ಭುವನೇಶ್ವರಿಯನ್ನೂ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಆಫ್ರೀನಳನ್ನೂ ಕಳಿಸಿದ್ದ. ತಂಗಿಯ ಬ್ಯಾಗಿನಲ್ಲಿ ಅವ್ವನ ಇಳಕಲ್ ಸೀರೆ ಇದ್ದದ್ದು ಅವನಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆಯೆಲ್ಲ ಅವಳು ಪಾರ್ಕಿನ ಕೆಲಸ ಮುಗಿಸಿದ್ದಳು. ಡ್ಯಾಶಿಂಗ್ ಕಾರು, ಬಾಯಿ ತೆರೆದ ಹಸಿರು ಹಾವಿನ ರೈಲು, ಗಿರಗಿರ ತಿರುಗುವ ಕಪ್-ಸಾಸರು. ಅಲ್ಲಿನ ಬಣ್ಣಗಳಿಗೆ ನಾಚಿಕೆ ಮಾನ ಒಂದೂ ಇರಲಿಲ್ಲ. ಹಳದಿ ಅಂದರೆ ಹಳದಿ, ಕೆಂಪು ಅಂದರೆ ಕೆಂಪು. ಯಾರಿಗೆ ಒಪ್ಪುತ್ತದೆ, ಯಾರಿಗೆ ಒಪ್ಪುವುದಿಲ್ಲ ಎಂದು ಅವು ಯಾರನ್ನೂ ಕೇಳಿ ಹಚ್ಚಿಸಿಕೊಂಡಿರಲಿಲ್ಲ. ಅದಕ್ಕೇ ಅವಳಿಗೆ ಆ ಜಾಗ ಸೇರಿತು.

ಭುವನೇಶ್ವರಿ ಕಪ್ಪು. ಬಯೋಡೇಟಾದಲ್ಲಿ ಬರೆಯುವ ಗೋಧಿ ಬಣ್ಣವಲ್ಲ, ಒಳ್ಳೇ ಎರೆಮಣ್ಣಿನ ಕಪ್ಪು. "ಕರ‍್ರಗಿದ್ದಾಕಿಗೆ ಢಾಳ ಬಣ್ಣ ಒಪ್ಪಂಗಿಲ್ಲ" ಎಂದು ಅವ್ವ ಬಾಳಮ್ಮ ಚಿಕ್ಕಂದಿನಿಂದಲೂ ಅವಳಿಗೆ ತಿಳಿಗುಲಾಬಿ, ಕೆನೆಬಣ್ಣ ಬಿಟ್ಟು ಬೇರೆ ಉಡಿಸಿದವಳಲ್ಲ. ಹೆಣ್ಣು ತೋರಿಸುವ ಫೋಟೋವನ್ನು ಮಹಾಂತೇಶನೇ ತೆಗೆದಿದ್ದ. ಕೆನೆಬಣ್ಣದ ಸೀರೆ, ಹಿಂದೆ ಬೂದು ಪರದೆ, ಹುಡುಗಿ ನಟ್ಟನಡುವೆ. ಆಮೇಲೆ ಕಂಪ್ಯೂಟರಿನಲ್ಲಿ ಮುಖ ಬೆಳ್ಳಗೆ ಮಾಡಿದ್ದ. ಅದರಲ್ಲಿ ಅವನಿಗೆ ಕೆಟ್ಟ ಬುದ್ಧಿಯೇನಿರಲಿಲ್ಲ. ತಾಲ್ಲೂಕಿನ ಮದುಮಕ್ಕಳಿಗೆಲ್ಲ ಅವನು ಮಾಡುತ್ತಿದ್ದದ್ದು ಅದನ್ನೇ.

ಆ ಫೋಟೋ ನೋಡಿ ಬಾದಾಮಿಯಿಂದ ಒಂದು ಮನೆಯವರು ಬಂದಿದ್ದರು. ಭುವನೇಶ್ವರಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು. ಹುಡುಗನ ಸೋದರತ್ತೆ ಚಹಾದ ಕಪ್ ತೆಗೆದುಕೊಂಡು, ಗುಟುಕರಿಸಿ, ಭಾಳ ಮರ್ಯಾದೆಯಿಂದಲೇ ಕೇಳಿದಳು: "ಚಹಾ ಛಲೋ ಆಗೇತಿ. ಇನ್ನ ಹುಡುಗಿನ್ನ ಕರೀರಲಾ?"

ಆ ಮಾತು ಅವಳ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿದಿತ್ತು. ಈಗ ಬಾಗಲಕೋಟೆಯಿಂದ ಕಲ್ಲೇಶನೆಂಬ ಹುಡುಗನ ಮನೆಯವರು ಫೋಟೋ ಕೇಳಿದಾಗ ಮಹಾಂತೇಶ ಅದೇ ಹಳೇ ಫೋಟೋ ಕಳಿಸಲು ಹೊರಟ. ಭುವನೇಶ್ವರಿ ನಡುಮನೆಯಲ್ಲಿ ನಿಂತು ಹೇಳಿಬಿಟ್ಟಳು: "ಆ ಫೋಟೋ ಕಳಸ್ತಿ ಅಂದ್ರ ಆ ಫೋಟೋದಾಗಿನಾಕಿನ್ನ ಕೊಟ್ಟು ಮದವಿ ಮಾಡು. ನಾ ಬರಂಗಿಲ್ಲ."

"ಹಂಗಾದ್ರ ಹೊಸಾದು ತಗಸ್ಕೊಂಡ ಬಾ. ಮುಂದಿಂದು ನಾ ಮಾಡ್ತೇನಿ" ಎಂದಿದ್ದ ಮಹಾಂತೇಶ.

ಪಾರ್ಕಿನಲ್ಲಿ ಫೋಟೋ ತೆಗೆಸಿಕೊಂಡು ಬಂದ ಮರುದಿನ ಸ್ಟುಡಿಯೋದಲ್ಲಿ ಅವನು ಆ ಮುಂದಿನದನ್ನು ಮಾಡುತ್ತ ಕೂತಿದ್ದ. ಭುವನೇಶ್ವರಿ ಒಳಗೆ ಕಾಲಿಡುವಷ್ಟರಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಅವಳ ಮುಖ ಸುಣ್ಣ ಹಚ್ಚಿದ ಗೋಡೆಯಾಗಿತ್ತು.

"ಅಣ್ಣಾ, ಇದಕ್ಕೂ ಹಚ್ಚಿದೆಲ್ಲ!"

"ಒಂದ ಸ್ವಲ್ಪ ಮಾಡೇನವಾ. ನಿನ್ನ ಛಲೋದಕ್ಕ ಮಾಡೂದು."

ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಳಮ್ಮ ಸ್ಟುಡಿಯೋದ ಹಿಂದೆಯೇ ಇದ್ದ ಮನೆಯಿಂದ ಮಗನಿಗೆ ಚಹಾ ತಂದಳು. ಪರದೆ ನೋಡಿ ಅಲ್ಲೇ ನಿಂತಳು.

"ಇದ್ಯಾರ ಸೀರಿ?"

"ನಿಂದ ಅವ್ವಾ" ಎಂದಳು ಭುವನೇಶ್ವರಿ. "ಕೇಳದ ಒಯ್ದಿದ್ದೆ."

"ನಂದು? ನನ್ನ ಸೆರಗಿನ ಕೆಂಪ ಎಲ್ಲಿ ಹೋತು? ಬಿಸಲಿಗಿ ಒಯ್ದು ಬಣ್ಣಾ ಕಳದಿ ಏನ?"

ಚಹಾ ಅಲ್ಲೇ ಇಟ್ಟು ಬಾಳಮ್ಮ ಮನೆಗೆ ಓಡಿದಳು. ಟ್ರಂಕಿನ ಮುಚ್ಚಳ ಬಡಿದ ಸಪ್ಪಳ ಸ್ಟುಡಿಯೋದವರೆಗೆ ಕೇಳಿಸಿತು. ಸೀರೆ ತಂದು ಮಗನ ಕೀಬೋರ್ಡಿನ ಮೇಲೆಯೇ ಹರವಿದಳು. ಗಿಣಿಹಸಿರು ಒಡಲು, ಉರಿಯುವ ಕೆಂಪು ಸೆರಗು. ಅದರ ಕೆಂಪು ಎಲ್ಲೂ ಹೋಗಿರಲಿಲ್ಲ. ಪರದೆಯ ಮೇಲಿನ ಸೆರಗು ಮಾತ್ರ ತೊಳೆದು ತೊಳೆದು ಸವೆದ ಚಿಂದಿಯಂತೆ ಕಾಣುತ್ತಿತ್ತು.

"ಮುಖಾ ತಿಳಿ ಮಾಡಿದ್ರ ಕೆಂಪೂ ತಿಳಿ ಆಗತೈತವಾ" ಎಂದ ಮಹಾಂತೇಶ. "ಅದಕ್ಕೇನ್ ಆಗೂದಿಲ್ಲ, ಸೀರಿ ಯಾರ ನೋಡ್ತಾರ?"

ಬಾಳಮ್ಮ ಸಿಡಿದಳು. "ಯಾರ ನೋಡ್ತಾರ? ನಮ್ಮವ್ವ ಇಳಕಲ್ಲಾಗ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂತು ನೇದ ಸೆರಗದು. ಕೆಂಪ ಒಂದ ಎಳಿ ಹೆಚ್ಚು ಕಡಿಮಿ ಆದ್ರ ಬಿಚ್ಚಿ ಮತ್ತ ನೇಯ್ತಿದ್ಲು. ನೀ ಕುಂತಲ್ಲೇ ಕುಂತು ಅಳಸ್ತಿ? ಮೊದಲಿದ್ದಂಗ ಮಾಡು."

"ಮೊದಲಿದ್ದಂಗ ಮಾಡಿದ್ರ ಭುವಿನೂ ಮೊದಲಿನಂಗ ಆಗತಾಳ."

ಬಾಳಮ್ಮ ಮಗಳ ಕಡೆ ತಿರುಗಿದಳು. ಭುವನೇಶ್ವರಿ ಕಣ್ಣು ಕೆಳಗೆ ಮಾಡಲಿಲ್ಲ. ಸೀರೆಗಾಗಿ ಜಗಳಕ್ಕೆ ಎದ್ದ ಅವ್ವ ತನಗಾಗಿ ಒಂದು ದಿನವೂ ಎದ್ದಿರಲಿಲ್ಲ ಎಂಬ ಸಿಟ್ಟು ಅವಳಿಗೆ ಉಕ್ಕಿ ಬಂದಿತ್ತು, ಅದು ಮುಖದಲ್ಲೂ ಇತ್ತು. ಬಾಳಮ್ಮನಿಗೆ ಅದು ಕಾಣಿಸಿತು.

"ಆಗಲಿ" ಎಂದಳು.

ಮಹಾಂತೇಶ ಸೀರೆ ಪಕ್ಕಕ್ಕೆ ಸರಿಸಿ, ಮಾಡಿದ್ದನ್ನೆಲ್ಲ ಒಂದೊಂದಾಗಿ ಅಳಿಸುತ್ತ ಹೋದ. ಸೆರಗಿಗೆ ಕೆಂಪು ಮರಳಿತು, ತೊಟ್ಟಿಲು ಹಳದಿಯಾಯಿತು, ಓರೆಯಾಗಿ ಹಾದ ಕಂಬ ನೀಲಿಯಾಯಿತು. ಆ ಹಳದಿಯ ಮುಂದೆ, ಒಂದು ಬದಿಗೆ, ಎರೆಮಣ್ಣಿನ ಬಣ್ಣದ ಒಂದು ಮುಖ ನಗದೆ ನಿಂತಿತ್ತು. ಅಷ್ಟೆಲ್ಲ ಬಣ್ಣ ಸುತ್ತುವರಿದರೂ ಕಣ್ಣು ಹೋಗಿ ನಿಲ್ಲುತ್ತಿದ್ದದ್ದು ಆ ಮುಖದ ಮೇಲೆ. ಬಾಳಮ್ಮ ಚಹಾ ಆರುವವರೆಗೂ ಅದನ್ನು ನೋಡಿದಳು.

"ಬಾಗಲಕೋಟಿಯವ್ರು ಏನಂತಾರ..." ಎಂದು ಮಹಾಂತೇಶ ರಾಗ ಎಳೆದ. ಭುವನೇಶ್ವರಿ ಕೈಚಾಚಿ ಅವನ ಫೋನು ತೆಗೆದುಕೊಂಡು, ಫೋಟೋವನ್ನು ಇದ್ದಂತೆಯೇ ಕಳಿಸಿದಳು. ಕೆಳಗೆ ತನ್ನ ನಂಬರೂ ಬರೆದಳು.

ಮಧ್ಯಾಹ್ನಕ್ಕೆ ಫೋನು ಬಂತು. ಕಲ್ಲೇಶನ ತಾಯಿ.

"ಫೋಟೋ ಬಂತವಾ. ತಪ್ಪ ತಿಳಕೋಬ್ಯಾಡ, ಬಣ್ಣ ಸ್ವಲ್ಪ... ಬಿಸಲಾಗ ತಗದಿದ್ದಕ್ಕ ಹಂಗ ಬಂದೈತೇನು?"

"ಇಲ್ರಿ, ನಾನ ಹಂಗದೇನಿ. ನೆರಳಾಗೂ ಇದ ಬಣ್ಣ."

ಬಾಗಿಲಲ್ಲಿ ನಿಂತಿದ್ದ ಬಾಳಮ್ಮ ಒಳಗೆ ಬಂದು ಫೋನಿನ ಹತ್ತಿರ ಕಿವಿ ತಂದಳು.

"ಆತು. ಮನ್ಯಾಗ ಕೇಳಿ ಹೇಳ್ತೇವಿ."

"ಕೇಳ್ರಿ. ನಾನೂ ನೋಡಿ ಹೇಳಬೇಕಲ್ರಿ. ನಿಮ್ಮ ಮಗಂದೂ ಒಂದ ಫೋಟೋ ಕಳಸ್ರಿ. ಬಿಸಲಾಗ ತಗದದ್ದು."

ಭುವನೇಶ್ವರಿ ಫೋನು ಇಟ್ಟಳು. ಹೆದರಿಕೆ ಅರ್ಧ, ಖುಷಿ ಅರ್ಧ. "ಹೆಂಗ ಮಾತಾಡಿದೆವಾ ನೀ!" ಎಂದು ಬಾಳಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಬೈದಳೋ ಮೆಚ್ಚಿದಳೋ ಅವಳಿಗೇ ತಿಳಿದಂತಿರಲಿಲ್ಲ.

ಸಂಜೆ ಆಫ್ರೀನಳೊಂದಿಗೆ ಕೂತು ಪಾರ್ಕಿನ ಫೋಟೋ ಆರಿಸುತ್ತಿದ್ದಾಗ ಹೊಸ ನಂಬರಿನಿಂದ ಒಂದು ಫೋಟೋ ಬಂತು, ಜೊತೆಗೆ ಮಾತಿಲ್ಲ. ಮಾಳಿಗೆಯ ಮೇಲೆ ಒಬ್ಬ ಮನುಷ್ಯ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ. ಮುಂದಲೆ ಬೋಳಾಗುತ್ತ ಬಂದಿತ್ತು. ಅರ್ಧ ಜಾಗವನ್ನು ನೀರಿನ ಟಾಕಿಯೇ ತಿಂದಿತ್ತು.

"ಹೆಂಗದಾನ? ತೋರಸಲಾ" ಎಂದು ಆಫ್ರೀನ ಮೊಣಕೈಯಿಂದ ತಿವಿದಳು.

ಭುವನೇಶ್ವರಿ ಫೋನನ್ನು ಅತ್ತ ಕೊಡಲಿಲ್ಲ. ಕುರ್ಚಿಯನ್ನು ಬೆಳಕಿರುವ ಬಾಗಿಲ ಕಡೆ ಎಳೆದುಕೊಂಡು, ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ, ಅವಸರವಿಲ್ಲದೆ ನೋಡತೊಡಗಿದಳು.