ನಿಂತ ಗಾಡಿಯ ದಾಖಲೆ

ನೆಲದಲ್ಲಿ, ಬಂಡೆಯಲ್ಲಿ, ಎಲ್ಲ ಕಡೆಯೂ ಒಂದಿಷ್ಟು ವಿಕಿರಣ ಇದ್ದೇ ಇರುತ್ತದೆ. ಯಾವ ರಸ್ತೆಯಲ್ಲಿ ಎಷ್ಟು ಎಂದು ಬರೆದುಕೊಂಡು ಬರುವುದು ನನ್ನ ಕೆಲಸ. ಬರೆಯುವುದು ನಾನಲ್ಲ, ಟಿಫಿನ್ ಡಬ್ಬಿಯಷ್ಟಿರುವ ಒಂದು ಯಂತ್ರ. ಕಾರಿನಲ್ಲಿ ಇಟ್ಟರೆ ನಿಮಿಷಕ್ಕೊಂದು ಅಂಕಿ ಹಾಕಿಕೊಳ್ಳುತ್ತದೆ. ನಾನು ಅದರ ಆಯಾ, ಅಷ್ಟೇ.

ಈ ಸಲದ್ದು ಹತ್ತೊಂಬತ್ತು ದಿನದ ದಾರಿ. ಯಾರೂ ಒಪ್ಪದ ಈ ಡ್ಯೂಟಿಯನ್ನು ನಮ್ಮ ಹಿರಿಯ ಡ್ರೈವರಣ್ಣ ತಾವೇ ಕೇಳಿ ಹಾಕಿಸಿಕೊಂಡಿದ್ದರು. ಮನೆಯಲ್ಲಿ ಮಗಳ ಬಾಣಂತನ, ಮೊಮ್ಮಗಳಿಗೆ ಇನ್ನೂ ಹನ್ನೆರಡು ದಿನ. "ಎಂಥ ಅಜ್ಜ ಅಣ್ಣ ನೀವು!" ಎಂದೆ. ಕತ್ತಿನ ಮಫ್ಲರ್ ಸರಿಮಾಡಿಕೊಂಡು ನಕ್ಕರು. ಯಾವಾಗಲೂ ನಾನು ಮುಂದೆ, ಯಂತ್ರ ಹಿಂದೆ. ಈ ಸಲ, "ನೀವು ಹಿಂದೆ ಆರಾಮಾಗಿ ಕೂತ್ಕೊಳ್ಳಿ ಮೇಡಂ" ಎಂದು ಯಂತ್ರವನ್ನು ತಮ್ಮ ಪಕ್ಕದಲ್ಲಿಟ್ಟುಕೊಂಡರು. ಮರ್ಯಾದೆ ಎಂದುಕೊಂಡು ಹಿಗ್ಗಿದೆ.

ಹತ್ತು, ಹನ್ನೆರಡು ತೋರಿಸಬೇಕಾದ ಯಂತ್ರ ಮೊದಲ ದಿನವೇ ಇನ್ನೂರು ದಾಟಿತು. ಬಂಡೆ ಕಡಿದು ಮಾಡಿದ ರಸ್ತೆ, ಇರಬಹುದು ಎಂದುಕೊಂಡೆ. ಮರುದಿನ ಬರೀ ಮರಳುನೆಲ, ಅಲ್ಲೂ ಅಷ್ಟೇ. ಬ್ಯಾಟರಿ ಬದಲಿಸಿದೆ. ಒಂದೇ ರಸ್ತೆಯಲ್ಲಿ ಎರಡು ಸಲ ಹೋದೆ. ಯಂತ್ರ ಕೊಟ್ಟ ಸ್ಟೋರಿನವನಿಗೆ ಫೋನಿನಲ್ಲೇ ಬೆವರಿಳಿಸಿದೆ.

ನಮ್ಮಲ್ಲೊಂದು ಪದ್ಧತಿಯಿದೆ. ಗಾಡಿ ನಿಂತಾಗಿನ ಅಂಕಿಗಳನ್ನು ಅವತ್ತವತ್ತೇ ಅಳಿಸಬೇಕು. ಪಕ್ಕದ ಗೋಡೆಯ ಲೆಕ್ಕ ರಸ್ತೆಗೆ ಸೇರಬಾರದು. ನಾನು ಅದನ್ನು ಚಾಚೂ ತಪ್ಪದೆ ಮಾಡುವವಳು. ನಾಲ್ಕನೆಯ ಸಂಜೆ ಬೇಸತ್ತು ಅಳಿಸಲಿಲ್ಲ. ಐದನೆಯ ಬೆಳಿಗ್ಗೆ ನೋಡಿದರೆ, ಟೀ ಕುಡಿಯಲು ನಿಂತಲ್ಲೆಲ್ಲ ಹನ್ನೆರಡು. ಡ್ರೈವರಣ್ಣ ಹತ್ತಿದ ಕೂಡಲೇ ನೂರೈವತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಕಥೆ.

"ಅಣ್ಣ, ಸ್ವಲ್ಪ ಇಳೀರಿ." ಹನ್ನೆರಡು.

"ಹತ್ತಿ." ನೂರೈವತ್ತು.

ಮತ್ತೆ ಇಳಿಯಲು ಹೇಳುವ ಮೊದಲೇ ಅವರು ಮಫ್ಲರ್ ಬಿಚ್ಚಿದರು. ಕತ್ತಿಗೆ ಅಡ್ಡಲಾಗಿ ಹೊಲಿಗೆಯ ಗುರುತು.

"ಥೈರಾಯ್ಡ್ ಕ್ಯಾನ್ಸರ್ ಮೇಡಂ. ಮಗಳು ಬಾಣಂತನಕ್ಕೆ ಬರೋ ಮೊದ್ಲೇ ಗಡ್ಡೆ ತೆಗೆದ್ರು. ಹೊರಡೋಕೆ ಎರಡು ದಿನ ಮುಂಚೆ ಒಂದು ಔಷಧಿ ಕೊಟ್ರು, ಅದು ಮೈಯಿಂದ ಈ ವಿಕಿರಣ ಹೊರಗೆ ಬೀರುತ್ತಂತೆ. ಮೂರು ವಾರ ಎಳೇ ಮಗು ಹತ್ರ ಸುಳೀಬೇಡ ಅಂದ್ರು. ಮನೇಲೇ ಇದ್ದು ಮಗು ಎತ್ಕೊಳ್ಳಲ್ಲ ಅಂದ್ರೆ ಮಗಳು ಯಾಕೆ ಅಂತ ಕೇಳಲ್ವಾ? ಹಸಿ ಬಾಣಂತಿ. ಕ್ಯಾನ್ಸರ್ ಅಂದ್ರೆ ಎದೆ ಒಡ್ಕೊಳ್ತಾಳೆ."

"ನನಗಾದ್ರೂ ಹೇಳ್ಬಾರದಿತ್ತಾ?"

"ಡಾಕ್ಟರ್ ಹೇಳಿದಷ್ಟು ದೂರ ಕೂರಿಸಿದ್ನಲ್ಲ. ಈ ಡಬ್ಬಿ ರಸ್ತೇದು ಮಾತ್ರ ಬರ್ಕೊಳ್ಳುತ್ತೆ ಅಂದ್ಕೊಂಡಿದ್ದೆ. ನನ್ನ ಮೇಲೂ ಚಾಡಿ ಹೇಳುತ್ತೆ ಅಂತ ಗೊತ್ತಿರ್ಲಿಲ್ಲ."

ಸಿಟ್ಟು ನೆತ್ತಿಗೇರಿತು. ನಾಲ್ಕು ದಿನದ ದುಡಿಮೆ ನೀರಲ್ಲಿ ಹೋಮ. ಕಚೇರಿಗೆ ತಿಳಿಸಿದರೆ ಅವರನ್ನು ವಾಪಸು ಕರೆಸುತ್ತಾರೆ. ವಾಪಸು ಎಂದರೆ ಆ ಮನೆಗೇ. ತಿಳಿಸಲಿಲ್ಲ. ದಿನಾ ಬೆಳಿಗ್ಗೆ ಅವರನ್ನು ಇಳಿಸಿ ಒಮ್ಮೆ, ಹತ್ತಿಸಿ ಒಮ್ಮೆ ಅಳೆದು, ಅವರ ಪಾಲನ್ನು ರಸ್ತೆಯ ಲೆಕ್ಕದಿಂದ ಕಳೆಯತೊಡಗಿದೆ. ಮೊದಲ ನಾಲ್ಕು ದಿನದ ರಸ್ತೆಗಳನ್ನು ಬರುವಾಗ ಮತ್ತೆ ಸುತ್ತುವುದೆಂದು ನಿರ್ಧರಿಸಿದೆ. ಪುಸ್ತಕದಲ್ಲಿ ಅವರಿಗೊಂದು ಕಾಲಂ ಆಯಿತು. ತೊಂಬತ್ತು, ಅರವತ್ತು, ಮೂವತ್ತೈದು. "ಇವತ್ತೆಷ್ಟು ಮೇಡಂ?" ಎಂದು ಹಲ್ಲುಜ್ಜುತ್ತಲೇ ಬಂದು ಕೇಳುತ್ತಿದ್ದರು. ಮಗಳಿಗೆ ಫೋನ್ ಮಾಡಿದರೆ ಅವಳು ಮಾತಾಡದೆ ಅಮ್ಮನ ಕೈಗೆ ಕೊಡುತ್ತಿದ್ದಳು.

ಕೊನೆಯ ಬೆಳಿಗ್ಗೆ ಇಳಿದಾಗ ಹನ್ನೆರಡು, ಹತ್ತಿದಾಗಲೂ ಹನ್ನೆರಡು.

"ಸೊನ್ನೆ ಆಗ್ಲೇ ಇಲ್ವಲ್ಲ ಮೇಡಂ," ಎಂದರು, ಮುಖ ಸಣ್ಣದು ಮಾಡಿಕೊಂಡು.

"ಸೊನ್ನೆ ಯಾರಿಗೂ ಇರಲ್ಲ ಅಣ್ಣ. ಇದು ನೆಲದ್ದು. ನಿಮ್ಮದೇನೂ ಉಳಿದಿಲ್ಲ. ಮೂರು ವಾರಾನೂ ಆಯ್ತು."

ಆಮೇಲೆ ಅವರು ಟೀಗೂ ಗಾಡಿ ನಿಲ್ಲಿಸಲಿಲ್ಲ.

ಮನೆಯ ಬಾಗಿಲಲ್ಲಿ ಮಗಳು, ಹೆಗಲ ಮೇಲೆ ಮಗು. "ಈಗ ನೆನಪಾದ್ಲಾ ಮೊಮ್ಮಗಳು? ನಿಂಗೆ ಗಾಡೀನೇ ಹೆಚ್ಚಾಯ್ತಲ್ಲಪ್ಪ."

ನಾನು ಕಾರಿನಲ್ಲೇ ಕೂತು ಎಲ್ಲ ಕೇಳಿಸಿಕೊಂಡೆ.

"ರಸ್ತೆ ಉದ್ದ ಇತ್ತು ಕಣಮ್ಮ," ಎಂದರು ಡ್ರೈವರಣ್ಣ. ಕೈಚಾಚಿ, ಒಮ್ಮೆ ನನ್ನತ್ತ ತಿರುಗಿ ನೋಡಿದರು. ತಲೆಯಾಡಿಸಿದೆ. ಮಗುವನ್ನು ಎತ್ತಿ ಮಫ್ಲರಿಗೆ ಒತ್ತಿಕೊಂಡರು. ನನಗೆ ತೋರಿಸಲೆಂದು ಕಾರಿನ ಕಿಟಕಿಯವರೆಗೂ ತಂದು, ಅಲ್ಲೇ ನಿಂತುಬಿಟ್ಟರು. ಮುಂದಿನ ಸೀಟಿನಲ್ಲಿ ಯಂತ್ರ ನಿಮಿಷಕ್ಕೊಂದರಂತೆ ಹನ್ನೆರಡು ಬರೆದುಕೊಳ್ಳುತ್ತಲೇ ಇತ್ತು.

ಕಚೇರಿಗೆ ಬಂದು ನಿಂತಾಗಿನ ಅಂಕಿಗಳನ್ನೆಲ್ಲ ಅಳಿಸಿದೆ. ಮಗುವನ್ನೆತ್ತಿಕೊಂಡು ಅವರು ಕಿಟಕಿಯ ಬಳಿ ನಿಂತಿದ್ದ ಆ ಹನ್ನೊಂದು ನಿಮಿಷದ್ದನ್ನು ಮಾತ್ರ ಅಳಿಸಲು ಕೈ ಬರಲಿಲ್ಲ.